ಕೂಡಿಕೊಳ್ಳದ ಹೊಲಿಗೆ: ಕಾಶಿಯಲ್ಲಿ ಒಂದು ಜನ್ಮದೋಷದ ಚರಿತ್ರೆ

ಗಂಡುಮಗುವಿನ ಶಿಶ್ನದ ತುದಿಯಲ್ಲಿರಬೇಕಾದ ಮೂತ್ರದ್ವಾರ ಅಲ್ಲಿರದೆ, ಕೆಳಮೈಯಲ್ಲಿ ಎಲ್ಲೋ ಒಂದು ಕಡೆ ತೆರೆದುಕೊಂಡಿರುವ ಜನ್ಮದೋಷವನ್ನು ವೈದ್ಯರು ಹೈಪೋಸ್ಪೇಡಿಯಾಸ್ ಎನ್ನುತ್ತಾರೆ. ಇದು ಅಪರೂಪದ್ದೇನಲ್ಲ. ಸುಮಾರು 200ರಿಂದ 300 ಗಂಡುಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಬಹುಪಾಲು ಮಕ್ಕಳಲ್ಲಿ ದ್ವಾರವು ತುದಿಯಿಂದ ಸ್ವಲ್ಪವೇ ಕೆಳಗಿರುತ್ತದೆ. ಕೆಲವರಲ್ಲಿ ನಡುವೆ, ಇನ್ನು ಕೆಲವರಲ್ಲಿ ವೃಷಣಚೀಲದಲ್ಲಿ ಅಥವಾ ಅದರ ಹಿಂದೆ. ಜೊತೆಗೆ ಇನ್ನೆರಡು ಲಕ್ಷಣಗಳು ಸಾಮಾನ್ಯವಾಗಿ ಕಾಣುತ್ತವೆ. ಒಂದು, ಶಿಶ್ನ ಕೆಳಕ್ಕೆ ಬಾಗಿರುವುದು. ಇನ್ನೊಂದು, ಮುಂದೊಗಲು ಸುತ್ತಲೂ ಇರದೆ ಮೇಲ್ಗಡೆ ಮಾತ್ರ ಕುಲಾವಿಯಂತೆ ಕವಿದುಕೊಂಡು ಕೆಳಗಡೆ ಇಲ್ಲದಿರುವುದು.

ಕಾರಣವನ್ನು ಗರ್ಭದ ಎಂಟರಿಂದ ಹದಿನಾಲ್ಕನೆಯ ವಾರದೊಳಗೆ ಹುಡುಕಬೇಕು. ಆ ಹೊತ್ತಿಗೆ ಭ್ರೂಣದ ಜನನಾಂಗದ ಕೆಳಭಾಗದಲ್ಲಿ ಒಂದು ತೆರೆದ ಕಾಲುವೆ ಇರುತ್ತದೆ. ಅದರ ಎರಡು ದಂಡೆಗಳು ವೃಷಣದಿಂದ ಬರುವ ಹಾರ್ಮೋನಿನ ಪ್ರಭಾವದಲ್ಲಿ ಬುಡದಿಂದ ತುದಿಯ ಕಡೆಗೆ ಒಂದಕ್ಕೊಂದು ಕೂಡಿಕೊಳ್ಳುತ್ತ ಹೋಗಿ ಕಾಲುವೆ ಕೊಳವೆಯಾಗುತ್ತದೆ. ಕೂಡಿದ ಗುರುತು ಜೀವಮಾನವಿಡೀ ಒಂದು ಗೆರೆಯಾಗಿ ಉಳಿಯುತ್ತದೆ. ಈ ಕೆಲಸ ಅರ್ಧಕ್ಕೆ ನಿಂತರೆ, ನಿಂತ ಜಾಗವೇ ಮೂತ್ರದ್ವಾರ. ಹಾರ್ಮೋನಿನ ಕೊರತೆ, ವಂಶವಾಹಿ, ಗರ್ಭದಲ್ಲಿ ಮಗು ಸರಿಯಾಗಿ ಬೆಳೆಯದಿರುವುದು ಮೊದಲಾದ ಕಾರಣಗಳನ್ನು ಹೇಳುತ್ತಾರೆ. ಆದರೂ ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟುಮಾಡಿ ತೋರಿಸಲು ಆಗುವುದಿಲ್ಲ.

ಈ ದೋಷದ ಚರಿತ್ರೆಯನ್ನು ಕಾಶಿಯಿಂದ ನೋಡುವುದಕ್ಕೆ ಕಾರಣವಿದೆ. ಭಾರತದ ಶಸ್ತ್ರವೈದ್ಯ ತನ್ನ ಮೂಲವನ್ನು ಹೇಳಿಕೊಳ್ಳುವುದೇ ಈ ಊರಿನ ಹೆಸರಿನಲ್ಲಿ. ಕಾಶಿರಾಜ ದಿವೋದಾಸನು ಸುಶ್ರುತ ಮತ್ತಿತರ ಶಿಷ್ಯರಿಗೆ ಮಾಡಿದ ಪಾಠವೇ ತಾನೆಂದು ಸುಶ್ರುತ ಸಂಹಿತೆ ಹೇಳಿಕೊಳ್ಳುತ್ತದೆ. ಗ್ರಂಥ ಒಬ್ಬರ ಕೈಯಲ್ಲಿ, ಒಂದೇ ಕಾಲದಲ್ಲಿ ಹುಟ್ಟಿದ್ದಲ್ಲ; ಶತಮಾನಗಳ ಅವಧಿಯಲ್ಲಿ ಬೆಳೆದದ್ದು. ಆದರೆ ಕಾಶಿರಾಜ ಮತ್ತು ಸುಶ್ರುತರ ನಂಟು ಹಳೆಯದು. ಮಧ್ಯ ಏಷ್ಯಾದ ಕುಚಾ ಬಳಿ ಸಿಕ್ಕಿದ, ಬೋವರ್ ಹಸ್ತಪ್ರತಿ ಎಂದು ಹೆಸರಾದ ಗ್ರಂಥದಲ್ಲೂ ಸುಶ್ರುತ ಕಾಶಿರಾಜನನ್ನೇ ಪ್ರಶ್ನೆ ಕೇಳುತ್ತಾನೆ. ಸಂಹಿತೆಯ ನೇಪಾಳದ ಓಲೆಪ್ರತಿಯೊಂದು ಕ್ರಿ.ಶ. 878ರದು.

ಇಷ್ಟು ಹಳೆಯ, ಇಷ್ಟು ವಿವರದ ಶಸ್ತ್ರಗ್ರಂಥದಲ್ಲಿ ಹೈಪೋಸ್ಪೇಡಿಯಾಸ್‌ಗೆ ಸರಿಹೊಂದುವ ಸ್ಪಷ್ಟ ವರ್ಣನೆ ಇಲ್ಲ. ಅದರ ಸುತ್ತಮುತ್ತಲಿನದೆಲ್ಲ ಇದೆ, ಅದೊಂದೇ ಇಲ್ಲ. ಶಾರೀರಸ್ಥಾನದಲ್ಲಿ ದೇಹದ ಏಳು ಹೊಲಿಗೆಗೆರೆಗಳ ಲೆಕ್ಕ ಬರುತ್ತದೆ: ತಲೆಯಲ್ಲಿ ಐದು, ನಾಲಿಗೆಯಲ್ಲಿ ಒಂದು, ಶಿಶ್ನದಲ್ಲಿ ಒಂದು. ಇವುಗಳಿಗೆ ಶಸ್ತ್ರ ತಾಗಿಸಬಾರದು ಎಂಬ ಎಚ್ಚರಿಕೆಯೂ ಇದೆ. ಗರ್ಭದಲ್ಲಿ ದಂಡೆಗಳು ಕೂಡಿ ಉಳಿಸುವ ಗೆರೆ ಇದೇ. ಅದನ್ನು ಕಣ್ಣಿಟ್ಟು ನೋಡಿ ಹೆಸರಿಟ್ಟವರು, ಆ ಗೆರೆಯೇ ಮೂಡದ ಮಗುವನ್ನು ನೋಡಿರಲಿಕ್ಕಿಲ್ಲ ಎನ್ನುವುದು ಕಷ್ಟ. ನೋಡಿದ್ದರೂ ಅದನ್ನು ಶಸ್ತ್ರಸಾಧ್ಯ ರೋಗವೆಂದು ಎಣಿಸಿದಂತೆ ಕಾಣುವುದಿಲ್ಲ.

ಹತ್ತಿರದ ರೋಗವೊಂದಕ್ಕೆ ಅವರು ಮಾಡುತ್ತಿದ್ದ ಚಿಕಿತ್ಸೆ ನೋಡಿದರೆ ಕೈಚಳಕದ ಕೊರತೆ ಇರಲಿಲ್ಲವೆಂಬುದು ತಿಳಿಯುತ್ತದೆ. ಮುಂದೊಗಲು ಬಿಗಿದು ಮೂತ್ರ ಸಣ್ಣ ಧಾರೆಯಾಗಿ ಬರುವ ಸ್ಥಿತಿಗೆ ಸಂಹಿತೆ ನಿರುದ್ಧಪ್ರಕಶ ಎನ್ನುತ್ತದೆ. ಅದಕ್ಕೆ ಕಬ್ಬಿಣದ, ಮರದ ಇಲ್ಲವೆ ಅರಗಿನ, ಎರಡೂ ಕಡೆ ಬಾಯಿರುವ ನಳಿಗೆಯೊಂದನ್ನು ತುಪ್ಪ ಸವರಿ ಒಳಗೆ ತೂರಿಸಬೇಕು. ಶಿಂಶುಮಾರ ಮತ್ತು ಹಂದಿಯ ಕೊಬ್ಬನ್ನು ಹನಿಸಬೇಕು. ಮೂರು ಮೂರು ದಿನಕ್ಕೊಮ್ಮೆ ಹಿಂದಿನದಕ್ಕಿಂತ ದಪ್ಪದ ನಳಿಗೆ ಹಾಕುತ್ತ ದ್ವಾರವನ್ನು ಅಗಲಿಸಬೇಕು. ಅದಕ್ಕೂ ಬಗ್ಗದಿದ್ದರೆ ಹೊಲಿಗೆಗೆರೆಯನ್ನು ತಪ್ಪಿಸಿ ಕೊಯ್ದು, ಹೊಸ ಗಾಯಕ್ಕೆ ಮಾಡುವ ಉಪಚಾರ ಮಾಡಬೇಕು. ಶಿಂಶುಮಾರವನ್ನು ಗಂಗೆಯ ಡಾಲ್ಫಿನ್ ಎಂದು ಗುರುತಿಸುವವರಿದ್ದಾರೆ. ಹಾಗಿದ್ದರೆ ಮದ್ದು ಕಾಶಿಯ ಘಟ್ಟದ ಬುಡದಲ್ಲೇ ಈಜುತ್ತಿತ್ತು.

ಮೂತ್ರಕೋಶದ ಕಲ್ಲು ತೆಗೆಯುವ ಅಧ್ಯಾಯ ಇನ್ನೂ ಮುಖ್ಯ. ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಫಲ ಸಂಶಯ, ಆದ್ದರಿಂದ ಒಡೆಯನ ಅಪ್ಪಣೆ ಪಡೆದೇ ಕೈಹಾಕಬೇಕೆಂದು ಅದು ಹೇಳುತ್ತದೆ. ಕಲ್ಲು ತೆಗೆದ ಗಾಯದಿಂದಲೇ ಮೂತ್ರ ಹರಿಯುತ್ತಿದ್ದು ಏಳು ದಿನದೊಳಗೆ ತನ್ನ ದಾರಿಗೆ ಮರಳದಿದ್ದರೆ ಗಾಯವನ್ನು ಬೆಂಕಿಯಿಂದ ಸುಡಬೇಕೆಂದೂ ಸೂಚಿಸುತ್ತದೆ. ತಪ್ಪಿದ ದಾರಿಯ ಮೂತ್ರ ಗಾಯವನ್ನು ಮಾಯಗೊಡುವುದಿಲ್ಲ ಎಂಬ ಈ ಅನುಭವವೇ ಮುಂದೆ ಹೈಪೋಸ್ಪೇಡಿಯಾಸ್ ಶಸ್ತ್ರಚಿಕಿತ್ಸೆಯ ದೊಡ್ಡ ತಲೆನೋವಾಯಿತು.

ಅದೇ ಕಾಲದ ಸುಮಾರಿಗೆ ಗ್ರೀಕ್ ವೈದ್ಯರು ಈ ದೋಷವನ್ನು ಗುರುತಿಸಿದ್ದರು. ಹೀಲಿಯೊಡೋರಸ್, ಆಂಟಿಲಸ್ ಎಂಬವರು ಕ್ರಿಸ್ತಶಕದ ಮೊದಲೆರಡು ಶತಮಾನಗಳಲ್ಲಿ ಸೂಚಿಸಿದ ಪರಿಹಾರ ಬಲು ಸರಳ: ದ್ವಾರದಿಂದ ಮುಂದಿನ ತುದಿಯನ್ನೇ ಕತ್ತರಿಸಿಬಿಡುವುದು. ಹಾಗೆ ಮಾಡಿದರೆ ದ್ವಾರ ತುದಿಗೆ ಬಂದಂತಾಯಿತು! ಗುರುತಿಸಿದ್ದರಿಂದ ರೋಗಿಗೆ ಲಾಭವಾಯಿತೆಂದು ಹೇಳುವಂತಿಲ್ಲ.

ಚರಕ ಸಂಹಿತೆ ಹುಟ್ಟಿನಿಂದ ಬರುವ ಲಿಂಗಸಂಬಂಧಿ ವಿಕೃತಿಗಳನ್ನು ಎಂಟಾಗಿ ಎಣಿಸುವಾಗ ವಕ್ರೀ ಎಂಬುದನ್ನೂ ಹೇಳುತ್ತದೆ. ಅದನ್ನು ಬಾಗಿದ ಶಿಶ್ನ ಎಂದು ಅರ್ಥೈಸುವುದುಂಟು. ದೋಷವನ್ನು ತಂದೆತಾಯಿಯರ ಬೀಜ ಮತ್ತು ಬಯಕೆಗಳಿಗೆ ಹಚ್ಚಿ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ವೈದ್ಯರು ಬಿಟ್ಟ ಈ ವಿಷಯವನ್ನು ಎತ್ತಿಕೊಂಡವರು ಧರ್ಮಶಾಸ್ತ್ರಿಗಳು. ಕಾಶಿಯಲ್ಲಿ ಈ ದೋಷದ ನಿಜವಾದ ಚರಿತ್ರೆ ಇರುವುದು ಔಷಧಶಾಲೆಯಲ್ಲಿ ಅಲ್ಲ, ಮದುವೆಯ ಮಾತುಕತೆಯಲ್ಲಿ ಮತ್ತು ಆಸ್ತಿಯ ಪಾಲುಪಟ್ಟಿಯಲ್ಲಿ.

ನಾರದಸ್ಮೃತಿ ಹೆಣ್ಣು ಕೊಡುವ ಮುನ್ನ ವರನ ಪುರುಷತ್ವವನ್ನು ಪರೀಕ್ಷಿಸಬೇಕೆನ್ನುತ್ತದೆ, ಅಸಮರ್ಥರನ್ನು ಹದಿನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಪರೀಕ್ಷೆಯ ಲಕ್ಷಣಗಳಲ್ಲಿ ಮೂತ್ರ ನೊರೆಗಟ್ಟುವುದೂ ಒಂದು. ಧಾರೆ ಸಿಡಿದು ಚದುರುವ ಹೈಪೋಸ್ಪೇಡಿಯಾಸ್‌ನ ಗಂಡಸು ಇಂಥ ಪರೀಕ್ಷೆಯಲ್ಲಿ ಏನಾದಾನೆಂದು ಊಹಿಸಬಹುದು. ವಾಸ್ತವವಾಗಿ ದ್ವಾರ ತುದಿಯ ಬಳಿ ಇರುವವರಿಗೆ ದಾಂಪತ್ಯಕ್ಕೂ ಸಂತಾನಕ್ಕೂ ಅಡ್ಡಿಯಿಲ್ಲ. ಬುಡದಲ್ಲಿದ್ದರೆ ಅಥವಾ ಬಾಗು ತೀವ್ರವಾಗಿದ್ದರೆ ಮಾತ್ರ ವೀರ್ಯ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ.

ಆಸ್ತಿಯ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ಕ್ಲೀಬನಿಗೆ, ಅಂದರೆ ಪುರುಷತ್ವವಿಲ್ಲದವನಿಗೆ, ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನವಸ್ತ್ರವಷ್ಟೇ ಎಂಬುದು ಮನು, ಯಾಜ್ಞವಲ್ಕ್ಯ ಇಬ್ಬರ ನಿಯಮ. ಇದಕ್ಕೆ ಕಾಶಿಯಲ್ಲಿ ನಡೆದ ವ್ಯಾಖ್ಯಾನ ಮಾತ್ರ ಕನ್ನಡ ನೆಲದ್ದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಉತ್ತರದಲ್ಲಿ ಕಾಶಿಯ ಪಂಡಿತರ ಮುಖ್ಯ ಆಧಾರವಾಯಿತು. ಮಿತ್ರಮಿಶ್ರನ ವೀರಮಿತ್ರೋದಯ ಅದರ ಬೆನ್ನಿಗೆ ನಿಂತಿತು. ವಿಜ್ಞಾನೇಶ್ವರ ಅಲ್ಲಿ ಒಂದು ಕಿಂಡಿ ಬಿಟ್ಟಿದ್ದಾನೆ. ಪಾಲಾದ ಮೇಲಾದರೂ ಔಷಧ ಮುಂತಾದ ಉಪಾಯದಿಂದ ದೋಷ ನೀಗಿದರೆ, ನೀಗಿದವನಿಗೆ ಪಾಲು ಸಲ್ಲಬೇಕು. ದೋಷವನ್ನು ಜನ್ಮಾಂತರದ ಪಾಪವೆಂದು ಮುಚ್ಚಿಹಾಕದೆ, ವಾಸಿಯಾಗಬಹುದಾದ ಸ್ಥಿತಿಯೆಂದು ಕಂಡ ಈ ಮಾತು ಹನ್ನೊಂದು-ಹನ್ನೆರಡನೆಯ ಶತಮಾನಕ್ಕೆ ಸಣ್ಣದಲ್ಲ. ಈ ಒಂದು ದೋಷಕ್ಕೆ ಮಾತ್ರ ಅದನ್ನು ನೀಗಿಸುವ ಔಷಧ ಆಗ ಇರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿ ಬಂದ ಮೇಲೆ ಈ ನಿಯಮ ಕೋರ್ಟಿನ ಕಾನೂನಾಯಿತು. 1791ರಲ್ಲಿ ಬನಾರಸಿನ (ಅಂದರೆ ಕಾಶಿಯ) ರೆಸಿಡೆಂಟ್ ಜೋನಾಥನ್ ಡಂಕನ್ ಅಲ್ಲಿ ಸಂಸ್ಕೃತ ಕಾಲೇಜು ಸ್ಥಾಪಿಸಿದ್ದರ ಒಂದು ಉದ್ದೇಶ ಹಿಂದೂ ಧರ್ಮಶಾಸ್ತ್ರ ಬಲ್ಲವರನ್ನು ತಯಾರು ಮಾಡುವುದು. ಪಕ್ಕದ ಮಿರ್ಜಾಪುರದಲ್ಲಿ ಅಧಿಕಾರಿಯಾಗಿದ್ದ ಎಚ್. ಟಿ. ಕೋಲ್‌ಬ್ರೂಕ್ ಮಿತಾಕ್ಷರಾದ ಆಸ್ತಿ ಹಂಚಿಕೆಯ ಭಾಗವನ್ನು 1810ರಲ್ಲಿ ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಬನಾರಸ್ ಶಾಖೆ ಎಂಬ ಹೆಸರಿನಲ್ಲಿ ಈ ನಿಯಮ ಜಾರಿಯಲ್ಲಿತ್ತು. 1928ರ ಕಾಯಿದೆ ಹುಟ್ಟು ಬುದ್ಧಿಮಾಂದ್ಯ ಮತ್ತು ಹುಟ್ಟು ಹುಚ್ಚನ್ನು ಬಿಟ್ಟು ಉಳಿದ ಅಂಗದೋಷಗಳ ಅಡ್ಡಿಯನ್ನು ತೆಗೆದುಹಾಕಿತು; 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ಯಾವ ರೋಗ, ದೋಷ, ವಿಕೃತಿಯೂ ಆಸ್ತಿಗೆ ಅಡ್ಡಬಾರದೆಂದು ಹೇಳಿತು.

ಅಂಗದೋಷ ಬಯಲಾದರೆ ಕಳೆದುಕೊಳ್ಳುವುದು ಇಷ್ಟಿರುವಾಗ ಮನೆಯವರು ಅದನ್ನು ಮುಚ್ಚಿಡದೆ ಇನ್ನೇನು ಮಾಡಿಯಾರು? ಮುಚ್ಚಿಡುವುದು ಕಷ್ಟವೂ ಆಗಿರಲಿಲ್ಲ. ಮಗುವನ್ನು ಬರಿಮೈಯಲ್ಲಿ ಮೊದಲು ಕಾಣುತ್ತಿದ್ದವಳು ಹೊಕ್ಕುಳಬಳ್ಳಿ ಕತ್ತರಿಸುವ ದಾಯಿ. ಆಮೇಲೆ ಸಾಸಿವೆಯೆಣ್ಣೆ ಹಚ್ಚಿ ನೀವುವ ಹೆಂಗಸರು. ಮಾತು ಅವರಾಚೆ ಹೋಗಬೇಕಿಲ್ಲ. ಬೆಳೆದ ಮೇಲೆ ಉಡುಪು ಮತ್ತು ಅಭ್ಯಾಸ ಎರಡೂ ನೆರವಿಗೆ ಬರುತ್ತಿದ್ದವು. ಜನಿವಾರವನ್ನು ಕಿವಿಗೆ ಸುತ್ತಿ, ಕುಳಿತು ಮೂತ್ರ ಮಾಡಬೇಕೆಂಬುದು ಹಿಂದೂ ಆಚಾರ. ಕುಳಿತೇ ಮಾಡುವುದು ಮುಸ್ಲಿಮರಲ್ಲೂ ರೂಢಿ. ಕುಳಿತವನ ಧಾರೆ ಯಾವ ಕಡೆ ಬೀಳುತ್ತದೆಂದು ಯಾರೂ ನೋಡುವುದಿಲ್ಲ. ನಿಂತು ಮಾಡುವ ಮೂತ್ರಾಲಯ, ಪಟಾಲಮ್ಮಿಗೆ ಸೇರುವಾಗಿನ ಬೆತ್ತಲೆ ತಪಾಸಣೆ, ಶಾಲೆಯ ಹಾಸ್ಟೆಲು ಇವೆಲ್ಲ ಬಂದ ಮೇಲೆಯೇ ಇದು ಹತ್ತು ಜನರ ಕಣ್ಣಿಗೆ ಬೀಳುವ ದೋಷವಾದದ್ದು.

ಮನೆಯೊಳಗಿನ ಗುಟ್ಟಿಗೆ ಹೊರಗಿನಿಂದ ಬರುತ್ತಿದ್ದ ಕಣ್ಣು ಹಿಜಡಾ ಸಮುದಾಯದ್ದು. ಗಂಡುಮಗು ಹುಟ್ಟಿದ ಮನೆಗೆ ಬಂದು ಹಾಡಿ ಕುಣಿದು, ಮಗುವನ್ನು ಎತ್ತಿಕೊಂಡು ಹರಸಿ, ಬಧಾಯಿ ಎಂಬ ಕಾಣಿಕೆ ಪಡೆಯುವುದು ಬನಾರಸಿನಲ್ಲೂ ಉತ್ತರದ ಎಲ್ಲ ಊರುಗಳಲ್ಲೂ ನಡೆದುಬಂದ ಪದ್ಧತಿ. ಗಂಡೋ ಹೆಣ್ಣೋ ತಿಳಿಯದ ಮಗುವನ್ನು ಅವರು ತಮ್ಮದೆಂದು ಕೇಳಿಯಾರು ಎಂಬ ಅಂಜಿಕೆ ತಾಯಂದಿರಿಗಿತ್ತು. ದ್ವಾರ ವೃಷಣಚೀಲದಲ್ಲಿದ್ದು, ಚೀಲ ಎರಡಾಗಿ ಸೀಳಿ, ವೃಷಣಗಳು ಕೆಳಗಿಳಿಯದಿದ್ದರೆ ಅಂಥ ಗಂಡುಮಗುವನ್ನು ಹೆಣ್ಣೆಂದು ಸಾಕುವುದೂ ಅಪರೂಪವಲ್ಲ. ಉಳಿದ ಹೆಚ್ಚಿನ ಮಕ್ಕಳಲ್ಲಿ ಲಿಂಗದ ಬಗ್ಗೆ ಯಾವ ಸಂಶಯಕ್ಕೂ ಎಡೆಯಿಲ್ಲ.

ವಸಾಹತು ಸರಕಾರ ಈ ಲೋಕಕ್ಕೆ ಕೈಹಾಕಿದ್ದು 1871ರಲ್ಲಿ. ಆ ವರ್ಷದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೆಯ ಭಾಗ ನಪುಂಸಕರ ಪಟ್ಟಿ ಮಾಡಲು ಹೊರಟಿತು. ಅದು ಮುಖ್ಯವಾಗಿ ಜಾರಿಯಾದದ್ದು ಬನಾರಸ್ ಸೇರಿದ್ದ ವಾಯವ್ಯ ಪ್ರಾಂತ್ಯದಲ್ಲಿ. ತಾನೇ ಒಪ್ಪಿಕೊಂಡವನು ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಷಂಡನೆಂದು ಸ್ಪಷ್ಟವಾಗಿ ಕಂಡವನು ನಪುಂಸಕ ಎಂಬುದು ಕಾಯಿದೆಯ ವ್ಯಾಖ್ಯೆ. ಪಟ್ಟಿಗೆ ಸೇರಿದವನು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ, ಹದಿನಾರರೊಳಗಿನ ಹುಡುಗನನ್ನು ಜೊತೆಗಿಟ್ಟುಕೊಳ್ಳುವಂತಿಲ್ಲ, ದತ್ತು ಪಡೆಯುವಂತಿಲ್ಲ, ಮರಣಶಾಸನ ಬರೆಯುವಂತಿಲ್ಲ. ನಾರದನ ಪರೀಕ್ಷೆಯನ್ನು ಈಗ ಸರಕಾರಿ ವೈದ್ಯ ಮಾಡತೊಡಗಿದ. ಚಿಕಿತ್ಸೆಗಲ್ಲ, ಪೊಲೀಸ್ ದಫ್ತರಕ್ಕಾಗಿ.

ಬನಾರಸಿನ ಇನ್ನೊಂದು ಮುಖ ಮದನ್‌ಪುರಾ, ಅಲಯಿಪುರಾಗಳ ಮುಸ್ಲಿಂ ರೇಷ್ಮೆ ನೇಕಾರರದ್ದು. ಅಲ್ಲಿ ಗಂಡುಮಕ್ಕಳಿಗೆಲ್ಲ ಸುನ್ನತಿಯಾಗುತ್ತದೆ. ತಲೆಮಾರುಗಳಿಂದ ಆ ಕೆಲಸ ಮಾಡಿದವರು ಹಜಾಮರು. ಹಾಗಾಗಿ ಈ ದೋಷವನ್ನು ಕೈಯಾರೆ ಮುಟ್ಟಿ ಕಂಡ ಕಸುಬುದಾರರಲ್ಲಿ ಅವರೂ ಸೇರುತ್ತಾರೆ. ಮುಂದೊಗಲು ಕೆಳಗಡೆ ಇಲ್ಲದೆ ತುದಿ ಬಯಲಾಗಿರುವ ಮಗುವನ್ನು ಹುಟ್ಟುವಾಗಲೇ ಸುನ್ನತಿಯಾದದ್ದೆಂದು ಶುಭವಾಗಿ ಎಣಿಸುವ ನಂಬಿಕೆ ಮುಸ್ಲಿಂ ನಾಡುಗಳಲ್ಲಿ ಹಳೆಯದು. ತುರ್ಕಿಯಲ್ಲಿ ಅದನ್ನು ಪ್ರವಾದಿಯ ಸುನ್ನತಿ ಎಂದೇ ಕರೆಯುತ್ತಾರೆ. ಆ ನಂಬಿಕೆಯಿಂದ ಕತ್ತಿ ತಾಗದೆ ಉಳಿದ ಮಕ್ಕಳಿಗೆ ಒಳ್ಳೆಯದೇ ಆಗಿದೆ. ಏಕೆಂದರೆ ಮೇಲ್ಗಡೆ ಉಳಿದ ಆ ತೊಗಲೇ ಮುಂದೆ ಮೂತ್ರನಾಳ ಕಟ್ಟಲು ಬೇಕಾಗುವ ಸಾಮಗ್ರಿ. ಸುನ್ನತಿ ಮಾಡಿಸಿಕೊಂಡು ಬಂದ ಮಗುವಿಗೆ ಬಾಯಿಯ ಒಳಪೊರೆ ಮುಂತಾದ ಬೇರೆ ಜಾಗದಿಂದ ಅಂಗಾಂಶ ತರಬೇಕಾಗಬಹುದು.

ಶಸ್ತ್ರಚಿಕಿತ್ಸೆಯ ದಾರಿ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ. ಅದರ ಹಿಂದೆ ಭಾರತದ ಮೂಗಿನ ಚಿಕಿತ್ಸೆ ಇತ್ತು. ಕೊಯ್ದ ಮೂಗಿಗೆ ಕೆನ್ನೆಯ ಚರ್ಮವನ್ನು ಬುಡ ಕಡಿಯದೆ ತಿರುಗಿಸಿ ಹೊಲಿಯುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಹಣೆಯ ಚರ್ಮದಿಂದ ಮೂಗು ಕಟ್ಟಿದ ಪುಣೆಯ ಕಡೆಯ ಕುಶಲಕರ್ಮಿಯ ವರದಿ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೇಲೆ ಯುರೋಪಿನ ವೈದ್ಯರು ಅದನ್ನು ಕಲಿತರು. ಅಂಥವರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಪ್ರಮುಖ. 1838ರಲ್ಲಿ ಆತ ಹೈಪೋಸ್ಪೇಡಿಯಾಸ್‌ಗೂ ಕೈಹಾಕಿದ. ಆದರೆ ಇಲ್ಲಿ ಚರ್ಮ ತಿರುಗಿಸುವ ಬದಲು ಶಿಶ್ನದ ತುದಿಯನ್ನು ಚುಚ್ಚಿ ನಳಿಗೆಯಿಟ್ಟು, ದಾರಿ ತಾನಾಗಿಯೇ ಒಳಪೊರೆ ಕಟ್ಟಿಕೊಳ್ಳಲೆಂದು ಕಾದ. ಅದು ಫಲಿಸಲಿಲ್ಲ. ಲೈಪ್‌ಜಿಗ್‌ನ ಟಿಯರ್ಶ್ 1869ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ದ್ವಾರ ಮೇಲ್ಗಡೆ ತೆರೆಯುವ ದೋಷಕ್ಕೂ, ಪ್ಯಾರಿಸಿನ ದ್ಯುಪ್ಲೇ 1874ರಲ್ಲಿ ಇದಕ್ಕೂ, ಸ್ಥಳದ ಚರ್ಮವನ್ನೇ ಸುರುಳಿ ಮಾಡಿ ಕೊಳವೆ ಹೊಲಿದರು. ಗರ್ಭ ಅರ್ಧಕ್ಕೆ ಬಿಟ್ಟ ಕೆಲಸವನ್ನು ಸೂಜಿಯಿಂದ ಮುಗಿಸುವ ಈ ಯೋಚನೆಯೇ ಇವತ್ತಿಗೂ ತಳಹದಿ. ಸುಶ್ರುತ ಸಂಹಿತೆ ಶಸ್ತ್ರ ತಾಗಿಸಬೇಡಿ ಎಂದ ಗೆರೆಯ ಮೇಲೆಯೇ ಈ ಹೊಲಿಗೆ ಬೀಳಬೇಕಿತ್ತು.

ಬನಾರಸಿಗೆ ಈ ವಿದ್ಯೆ ಬಂದದ್ದು ಹಿಂದೂ ವಿಶ್ವವಿದ್ಯಾಲಯದ ಮೂಲಕ. ಮದನಮೋಹನ ಮಾಳವೀಯರು 1916ರಲ್ಲಿ ಸ್ಥಾಪಿಸಿದ ಈ ವಿಶ್ವವಿದ್ಯಾಲಯದಲ್ಲಿ ಆಯುರ್ವೇದದ ಕಾಲೇಜೂ ಸರ್ ಸುಂದರಲಾಲ್ ಆಸ್ಪತ್ರೆಯೂ ಬೆಳೆದವು. ಆ ಕಾಲೇಜಿನಲ್ಲಿ ಆಯುರ್ವೇದ ಕಲಿತವರಲ್ಲಿ ದಕ್ಷಿಣ ಕನ್ನಡ ಮೂಲದ ಕಟೀಲು ನರಸಿಂಹ ಉಡುಪರು (ಜನನ 1920) ಒಬ್ಬರು. ಮುಂದೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆ ಓದಿದರು. 1958ರಲ್ಲಿ ಕೇಂದ್ರ ಸರಕಾರ ಆಯುರ್ವೇದದ ಸ್ಥಿತಿಗತಿಯ ಅಧ್ಯಯನಕ್ಕೆ ನೇಮಿಸಿದ ಸಮಿತಿಯ ಅಧ್ಯಕ್ಷತೆ ವಹಿಸಿದರು. 1960ರಲ್ಲಿ ವಿಶ್ವವಿದ್ಯಾಲಯದಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಶುರುವಾದಾಗ ಅದನ್ನು ಕಟ್ಟಿದವರೂ, 1971ರಲ್ಲಿ ಅದು ವೈದ್ಯಕೀಯ ವಿಜ್ಞಾನ ಸಂಸ್ಥೆಯಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಸಹೋದ್ಯೋಗಿ ಜಿ. ಡಿ. ಸಿಂಘಾಲ್ ಅಲ್ಲಿದ್ದುಕೊಂಡೇ ಸುಶ್ರುತ ಸಂಹಿತೆಯನ್ನು ಹಲವು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದರು, ಪಿ. ಜೆ. ದೇಶಪಾಂಡೆ ಭಗಂದರಕ್ಕೆ (ಗುದದ ಬಳಿಯ ನಾಳವ್ರಣಕ್ಕೆ) ಕ್ಷಾರಸೂತ್ರ ಎಂಬ ಮದ್ದಿನ ದಾರ ಕಟ್ಟುವ ಹಳೆಯ ಪದ್ಧತಿಗೆ ಮರುಜೀವ ಕೊಟ್ಟರು. ಹಳತು ಹೊಸತು ಒಂದೇ ಆವರಣದಲ್ಲಿ ಇದ್ದರೂ ಹೈಪೋಸ್ಪೇಡಿಯಾಸ್‌ಗೆ ಸಂಹಿತೆಯಿಂದ ತೆಗೆದುಕೊಳ್ಳುವಂಥದ್ದು ಇರಲಿಲ್ಲ. ಅದು ಹೊಸ ಕಾಲೇಜಿನ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗದ ಪಾಲಿಗೆ ಬಂತು.

ಅದೇ 1971ರಲ್ಲಿ, ಅದೇ ಉತ್ತರ ಪ್ರದೇಶದ ಆಗ್ರಾದಿಂದ ಹರಿಶಂಕರ ಅಸೋಪಾ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಎರಡು ಮೂರು ಹಂತಗಳಲ್ಲಿ ನಡೆಯುತ್ತಿದ್ದ ಚಿಕಿತ್ಸೆಯನ್ನು ಒಂದೇ ಸಲಕ್ಕೆ ಮುಗಿಸುವ ವಿಧಾನ ಅದು. ಮೇಲ್ಗಡೆ ಕವಿದ ಮುಂದೊಗಲನ್ನು ರಕ್ತನಾಳಗಳ ಸಮೇತ ಕೆಳಕ್ಕೆ ತಿರುಗಿಸಿ, ಅದರ ಒಳಪದರವನ್ನು ಕೊಳವೆಯಾಗಿ ಹೊಲಿದು, ಹೊರಪದರವನ್ನು ಬಿಡಿಸದೆ ಹಾಗೇ ಹೊದಿಕೆಯಾಗಿಸುವುದು ಇದರ ಕ್ರಮ. ಅಮೆರಿಕದ ಜಾನ್ ಡಕೆಟ್ 1980ರಲ್ಲಿ ಪ್ರಕಟಿಸಿದ ಇದರ ಹತ್ತಿರದ ವಿಧಾನ ಲೋಕವಿಖ್ಯಾತವಾಯಿತು. ಅಸೋಪಾ ಹೆಸರು ಶಸ್ತ್ರವೈದ್ಯರ ಪುಸ್ತಕಗಳಲ್ಲಿದೆ, ಆದರೆ ಅಷ್ಟು ದೊಡ್ಡ ಅಕ್ಷರದಲ್ಲಿಲ್ಲ. 1994ರಲ್ಲಿ ವಾರೆನ್ ಸ್ನಾಡ್‌ಗ್ರಾಸ್ ಮೂತ್ರಕಾಲುವೆಯ ತಳವನ್ನು ನಡುವೆ ಉದ್ದಕ್ಕೆ ಸೀಳಿ ಅಗಲ ಮಾಡಿ ಸುರುಳಿ ಹೊಲಿಯುವುದನ್ನು ತೋರಿಸಿದ ಮೇಲೆ, ತುದಿಗೆ ಸಮೀಪದ ದೋಷಗಳಿಗೆ ಅದೇ ಬಹುತೇಕ ಎಲ್ಲೆಡೆಯ ರೂಢಿಯಾಯಿತು.

ಸುಂದರಲಾಲ್ ಆಸ್ಪತ್ರೆಗೆ ಪೂರ್ವ ಉತ್ತರ ಪ್ರದೇಶವಲ್ಲದೆ ಬಿಹಾರ, ಜಾರ್ಖಂಡ್, ಛತ್ತೀಸಗಢ, ಮಧ್ಯಪ್ರದೇಶ ಮತ್ತು ನೇಪಾಳದಿಂದಲೂ ರೋಗಿಗಳು ಬರುತ್ತಾರೆ. ಆರರಿಂದ ಹದಿನೆಂಟು ತಿಂಗಳೊಳಗೆ ಮಾಡಿಸಿದರೆ ಒಳ್ಳೆಯದೆಂದು ಗ್ರಂಥಗಳು ಹೇಳಿದರೂ, ಶಾಲೆಗೆ ಹೋಗುವ ವಯಸ್ಸು ದಾಟಿದ ಮೇಲೆ, ಕೆಲವೊಮ್ಮೆ ಮದುವೆ ಗೊತ್ತಾದ ಮೇಲೆ ಬರುವವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಆಪರೇಷನ್ ಆದ ಮೇಲೆ ಹೊಸ ನಾಳದಲ್ಲಿ ಸಣ್ಣ ನಳಿಗೆಯೊಂದು ಸುಮಾರು ಒಂದು ವಾರ ಇರುತ್ತದೆ. ಅದನ್ನು ತೆಗೆದ ದಿನ ಮಗು ಎಲ್ಲಿಂದ ಮೂತ್ರ ಮಾಡುತ್ತದೆ ಎಂಬುದರ ಮೇಲೆ ಎಲ್ಲರ ಕಣ್ಣು. ಹೊಲಿಗೆಯ ನಡುವೆ ತೂತು ಬಿದ್ದು ಅಲ್ಲಿಂದಲೂ ಹನಿಯುವುದು ಇವತ್ತಿಗೂ ಸಾಮಾನ್ಯ ತೊಡಕು. ಹಾಗಾದರೆ ಈಗ ಸಂಹಿತೆ ಹೇಳಿದಂತೆ ಸುಡುವುದಿಲ್ಲ, ಕನಿಷ್ಠ ಆರು ತಿಂಗಳು ಕಾದು ಮತ್ತೆ ಹೊಲಿಯುತ್ತಾರೆ.

ಇದೇ ಊರಿನಲ್ಲಿ ಸೀಳುತುಟಿಯ ಕಥೆ ಬೇರೆಯೇ ಆಯಿತು. ಮಿರ್ಜಾಪುರ ಕಡೆಯ ಹಳ್ಳಿಯ ಹುಡುಗಿಗೆ ವಾರಾಣಸಿಯ ಪ್ಲಾಸ್ಟಿಕ್ ಸರ್ಜನ್ ಸುಬೋಧ್ ಕುಮಾರ್ ಸಿಂಗ್ ಮಾಡಿದ ಉಚಿತ ಶಸ್ತ್ರಚಿಕಿತ್ಸೆ ‘ಸ್ಮೈಲ್ ಪಿಂಕಿ’ ಎಂಬ ಸಾಕ್ಷ್ಯಚಿತ್ರವಾಗಿ 2009ರಲ್ಲಿ ಆಸ್ಕರ್ ಪಡೆಯಿತು. ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿತು. ಎರಡೂ ದೋಷಗಳು ಗರ್ಭದಲ್ಲಿ ಕೂಡಬೇಕಾದ ಅಂಚುಗಳು ಕೂಡದೆ ಬಂದವು. ಒಂದು ಮುಖದ ಮೇಲಿದೆ, ಇನ್ನೊಂದು ಚಡ್ಡಿಯೊಳಗೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳಲ್ಲಿ ಹುಡುಕಬೇಕಾದ 30 ಆರೋಗ್ಯ ಸ್ಥಿತಿಗಳ ಪಟ್ಟಿ ಮಾಡಿತು. ಸೀಳುತುಟಿ, ತಿರುಚಿದ ಪಾದ, ಹುಟ್ಟು ಕಣ್ಣುಪೊರೆ, ಹುಟ್ಟು ಹೃದ್ರೋಗ ಅದರಲ್ಲಿವೆ, ಹೈಪೋಸ್ಪೇಡಿಯಾಸ್ ಇಲ್ಲ. ಹುಡುಕುವ ಪಟ್ಟಿಗೆ ಸೇರದ ಇದು ಹಣ ಕೊಡುವ ಪಟ್ಟಿಗೆ ಸೇರಿದೆ: 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ವಿಮೆಯಲ್ಲಿ ಇದರ ಶಸ್ತ್ರಚಿಕಿತ್ಸೆಗೆ ದರ ನಿಗದಿಯಾಗಿದ್ದು, ಒಂದೇ ಹಂತದ್ದಕ್ಕೆ ಬೇರೆ, ಎರಡು ಹಂತದ್ದಕ್ಕೆ ಬೇರೆ ಲೆಕ್ಕವಿದೆ.